ಗಣಿತ ಸಂಶೋಧನೆಗೆ ರಾಮಾನುಜನ್ ಆಗಿಯೇ ಹುಟ್ಟಬೇಕಾ? ಎಂ. ಎಸ್. ನರಸಿಂಹನ್ ಅವರನ್ನು ನೋಡಿ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಳೆ. ಎಂಜಿನಿಯರಿಂಗ್ ಬೇಡ, ಗಣಿತದಲ್ಲಿ ಸಂಶೋಧನೆ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಗಣಿತದಲ್ಲಿ ಕಂಡುಹಿಡಿಯಲು ಇನ್ನೂ ಏನು ಉಳಿದಿದೆ? ಅದಕ್ಕೆ ರಾಮಾನುಜನ್ ಥರ ಹುಟ್ಟಿನಿಂದಲೇ ಪ್ರತಿಭೆ ಬೇಕಲ್ಲವೇ? ಮೂವತ್ತು ದಾಟಿದರೆ ಗಣಿತಜ್ಞರ ತಲೆ ಓಡುವುದಿಲ್ಲ ಅಂತಲೂ ಕೇಳಿದ್ದೇನೆ. ನಮ್ಮ ದೇಶದಲ್ಲೇ ಇದ್ದು ದೊಡ್ಡ ಕೆಲಸ ಮಾಡಿದವರು ಯಾರಾದರೂ ಇದ್ದಾರೆಯೇ?

ಉತ್ತರ: ಈ ಪ್ರಶ್ನೆಯಲ್ಲಿ ರಾಮಾನುಜನ್ ಹೆಸರು ಬರದೇ ಇರುವುದಿಲ್ಲ. ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವನು ನಾನು. ಮಕ್ಕಳು ಮ್ಯಾಥ್ಸ್ ತಗೋತೀನಿ ಅಂದ ಕೂಡಲೇ ಅಪ್ಪ ಅಮ್ಮ ಬಂದು ಕೇಳುವುದು ಇದನ್ನೇ. ರಾಮಾನುಜನ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಣಿತ ಅನ್ನುವ ಉದ್ಯೋಗ ಹೇಗಿರುತ್ತದೆ ಅಂತ ತಿಳಿಯಲು ಅವರ ಕಥೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನೇ ಕೇಳಿ ಬೆಳೆದವರಿಗೆ, ಗಣಿತಜ್ಞ ಅಂದರೆ ಯಾರ ಸಹವಾಸವೂ ಇಲ್ಲದೆ ಮೂಲೆಯಲ್ಲಿ ಕೂತು ಸ್ಲೇಟಿನ ಮೇಲೆ ಬರೆದು ಅಳಿಸುವವನು ಅನ್ನಿಸಿಬಿಡುತ್ತದೆ. ನಾನು ಕಂಡಂತೆ ಈ ಕೆಲಸದಲ್ಲಿ ಬಹುಪಾಲು ನಡೆಯುವುದು ಇಬ್ಬರು ಮೂವರು ಒಂದೇ ಬೋರ್ಡಿನ ಮುಂದೆ ನಿಂತು ವಾದ ಮಾಡುವಾಗ.

ಅದಕ್ಕೇ ಇನ್ನೊಬ್ಬರ ಬದುಕನ್ನು ಹೇಳುತ್ತೇನೆ. ಮುಡುಂಬೈ ಶೇಷಾಚಲು ನರಸಿಂಹನ್. ಎಲ್ಲರೂ ಎಂ. ಎಸ್. ನರಸಿಂಹನ್ ಅನ್ನುತ್ತಾರೆ. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು, 2021ರ ಮೇ 15ರಂದು ಇಲ್ಲೇ ತೀರಿಕೊಂಡರು. ಕೋವಿಡ್ ಎರಡನೇ ಅಲೆಯ ಗದ್ದಲ ಅದು, ಸುದ್ದಿ ಬಂದದ್ದೂ ಹೋದದ್ದೂ ಬಹಳ ಜನರಿಗೆ ಗೊತ್ತೇ ಆಗಲಿಲ್ಲ. ನಾನು ಅವರ ಶಿಷ್ಯನಲ್ಲ, ಅವರ ಪೇಪರ್‌ಗಳನ್ನು ಕಷ್ಟಪಟ್ಟು ಓದಿದವನು ಅಷ್ಟೇ.

ಅವರ ಹೆಸರು ಅಂಟಿಕೊಂಡಿರುವ ಕೆಲಸಗಳನ್ನು ಒಮ್ಮೆ ನೋಡಿ. ಕೊಟಾಕೆ–ನರಸಿಂಹನ್, ನರಸಿಂಹನ್–ಶೇಷಾದ್ರಿ, ನರಸಿಂಹನ್–ರಮಣನ್, ಹಾರ್ಡರ್–ನರಸಿಂಹನ್, ಡ್ರೆಜೆ–ನರಸಿಂಹನ್. ಒಂದರಲ್ಲೂ ಅವರು ಒಬ್ಬರೇ ಇಲ್ಲ. ನಿಮ್ಮ ಮಗಳಿಗೆ ನಾನು ಹೇಳಬೇಕಾದ ಮಾತು ಹೆಚ್ಚುಕಡಿಮೆ ಈ ಹೆಸರುಗಳ ಸಾಲಿನಲ್ಲೇ ಇದೆ. ಆದರೂ ಅಷ್ಟಕ್ಕೇ ಬಿಟ್ಟರೆ ಉತ್ತರ ಆಗುವುದಿಲ್ಲವಲ್ಲ, ಮೊದಲಿನಿಂದ ಬರೋಣ.

ಹುಟ್ಟಿದ್ದು 1932ರ ಜೂನ್ 7ರಂದು, ಈಗಿನ ತಮಿಳುನಾಡಿನ ತಂಡರೈ ಎಂಬ ಹಳ್ಳಿಯಲ್ಲಿ. ಐದು ಜನ ಮಕ್ಕಳಲ್ಲಿ ಹಿರಿಯವರು. ಶಾಲೆಯೆಲ್ಲ ಹಳ್ಳಿ ಕಡೆಯಲ್ಲೇ. ಡಿಗ್ರಿಗೆ ಮದರಾಸಿನ ಲೊಯೋಲಾ ಕಾಲೇಜಿಗೆ ಬಂದಾಗ ಅಲ್ಲಿ ಫಾದರ್ ರಸೀನ್ ಎಂಬ ಫ್ರೆಂಚ್ ಪಾದ್ರಿ ಪಾಠ ಮಾಡುತ್ತಿದ್ದರು. ಅವರು ಸಾಮಾನ್ಯ ಮೇಷ್ಟ್ರಲ್ಲ. ಫ್ರಾನ್ಸಿನಲ್ಲಿ ಎಲೀ ಕಾರ್ಟಾನ್, ಹಾಡಮಾರ್ ಅಂಥವರ ಬಳಿ ಕಲಿತು ಬಂದಿದ್ದರು. ನಮ್ಮ ಕಾಲೇಜುಗಳು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಹಳೇ ಟ್ರೈಪಾಸ್ ಪರೀಕ್ಷೆಯ ಲೆಕ್ಕಗಳನ್ನೇ ಉರು ಹೊಡೆಸುತ್ತಿದ್ದ ಕಾಲದಲ್ಲಿ, ಹೊಸ ಗಣಿತ ಎಲ್ಲಿ ನಡೆಯುತ್ತಿದೆ ಅಂತ ಗೊತ್ತಿದ್ದ ಮನುಷ್ಯ. ಚುರುಕಾದ ಹುಡುಗರು ಕಣ್ಣಿಗೆ ಬಿದ್ದರೆ ದಾರಿ ತೋರಿಸುತ್ತಿದ್ದರು. ಸಿ. ಎಸ್. ಶೇಷಾದ್ರಿ, ಸಿ. ಪಿ. ರಾಮಾನುಜಂ, ರಾಘವನ್ ನರಸಿಂಹನ್, ಕೆ. ಜಿ. ರಾಮನಾಥನ್ ಎಲ್ಲರೂ ಅವರ ಕೈಯಲ್ಲಿ ಕಲಿತವರೇ. ಒಂದು ಕಾಲೇಜಿನ ಒಬ್ಬ ಮೇಷ್ಟ್ರಿಂದ ಇಷ್ಟು ಜನ! ಇದನ್ನು ಹುಟ್ಟು ಪ್ರತಿಭೆ ಅಂತ ಮಾತ್ರ ಹೇಳಿ ಮುಗಿಸಲು ಆಗುತ್ತದೆಯೇ?

1953ರಲ್ಲಿ ನರಸಿಂಹನ್, ಶೇಷಾದ್ರಿ ಇಬ್ಬರೂ ಬೊಂಬಾಯಿಯ ಟಿಐಎಫ್‌ಆರ್ ಸೇರಿದರು. ಟಾಟಾ ಇನ್ಸ್‌ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್. ಅಂದಹಾಗೆ ಆ ಸಂಸ್ಥೆ ಶುರುವಾದದ್ದು ಬೆಂಗಳೂರಿನಲ್ಲೇ, 1945ರಲ್ಲಿ, ನಾವು ಟಾಟಾ ಇನ್ಸ್‌ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದಲ್ಲಿ. ಅದೇ ವರ್ಷ ಬೊಂಬಾಯಿಗೆ ಹೋಯಿತು. ಇವರು ಸೇರುವ ಹೊತ್ತಿಗೆ ಗೇಟ್‌ವೇ ಆಫ್ ಇಂಡಿಯಾ ಪಕ್ಕದ ಹಳೇ ಯಾಟ್ ಕ್ಲಬ್ ಕಟ್ಟಡದಲ್ಲಿತ್ತು.

ಅಲ್ಲಿ ಗಣಿತ ವಿಭಾಗ ಕಟ್ಟಿದವರು ಕೆ. ಚಂದ್ರಶೇಖರನ್. ಅವರು ತಂದ ಒಂದು ಪದ್ಧತಿ ನನಗೆ ಬಹಳ ಇಷ್ಟ. ಹೊರದೇಶದಿಂದ ದೊಡ್ಡ ದೊಡ್ಡ ಗಣಿತಜ್ಞರನ್ನು ಕರೆಸುವುದು. ಸುಮ್ನೆ ಒಂದು ಭಾಷಣ ಮಾಡಿಸಿ ಶಾಲು ಹೊದಿಸಿ ಕಳಿಸುವುದಲ್ಲ. ವಾರಗಟ್ಟಲೆ ಕೂರಿಸಿ ಪೂರ್ತಿ ಕೋರ್ಸ್ ತೆಗೆದುಕೊಳ್ಳುವಂತೆ ಮಾಡುವುದು. ಆ ಪಾಠಗಳ ನೋಟ್ಸನ್ನು ಅಲ್ಲಿನ ಹುಡುಗರೇ ಬರೆದು ಪುಸ್ತಕ ಮಾಡಬೇಕು. ಫ್ರಾನ್ಸಿನ ಲೋರಾ ಶ್ವಾರ್ಟ್ಸ್ ಬಂದು ಕಾಂಪ್ಲೆಕ್ಸ್ ಮ್ಯಾನಿಫೋಲ್ಡ್ ಬಗ್ಗೆ ಪಾಠ ಮಾಡಿದಾಗ ನೋಟ್ಸ್ ಬರೆದವರು ಇಪ್ಪತ್ತು ದಾಟಿ ಎರಡು ಮೂರು ವರ್ಷವಾಗಿದ್ದ ನರಸಿಂಹನ್. ಶ್ವಾರ್ಟ್ಸ್ 1950ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದವರು. ಅಂಥವರ ಪಾಠವನ್ನು ಅಚ್ಚಿಗೆ ಹೋಗುವ ಹಾಗೆ ಬರೆಯಬೇಕು ಅಂದರೆ ಒಂದು ಸಾಲೂ ಅರ್ಥವಾಗದೆ ದಾಟುವಂತಿಲ್ಲ. ಬೋರ್ಡಿನ ಮೇಲೆ ‘ಇದು ಸ್ಪಷ್ಟ’ ಅಂತ ಬರೆದು ಅವರು ಮುಂದೆ ಹೋಗಿರುತ್ತಾರೆ, ಆ ಸ್ಪಷ್ಟ ಯಾಕೆ ಅಂತ ಇವನು ರಾತ್ರಿ ಕೂತು ತುಂಬಿಸಬೇಕು, ತುಂಬಿಸಲು ಆಗದಿದ್ದರೆ ಬೆಳಗ್ಗೆ ಹೋಗಿ ಅವರನ್ನೇ ಕೇಳಬೇಕು. ಇದಕ್ಕಿಂತ ಒಳ್ಳೆ ತರಬೇತಿ ಎಲ್ಲಿ ಸಿಗುತ್ತದೆ?

ಆಮೇಲೆ ಶ್ವಾರ್ಟ್ಸ್ ಅವರೇ ಪ್ಯಾರಿಸ್ಸಿಗೆ ಕರೆಸಿಕೊಂಡರು. ಅಲ್ಲಿ ಸೇರ್, ಲೆರೇ ಮುಂತಾದವರ ಗಣಿತದ ಪರಿಚಯವಾಯಿತು. ನಡುವೆ ಪ್ಲೂರಿಸಿ ಬಂದು, ಅಂದರೆ ಶ್ವಾಸಕೋಶದ ಪೊರೆಗೆ ಉರಿಯೂತವಾಗಿ, ಆಸ್ಪತ್ರೆ ಸೇರಬೇಕಾಯಿತು. ನಿಜವಾದ ಫ್ರಾನ್ಸ್ ತಮಗೆ ಕಂಡದ್ದು ಅಲ್ಲೇ ಅಂತ ಅವರು ಮುಂದೆ ಹೇಳಿಕೊಂಡಿದ್ದಾರೆ. ಎಡಪಂಥದ ಕಡೆ ಅವರಿಗಿದ್ದ ಒಲವು ಗಟ್ಟಿಯಾದದ್ದೂ ಆಗಲೇ. ಶ್ವಾರ್ಟ್ಸ್ ಕೂಡ ಆ ಕಡೆಯವರೇ. ಪಿಎಚ್‌ಡಿ ಬಂದದ್ದು 1960ರಲ್ಲಿ, ಬೊಂಬಾಯಿ ವಿಶ್ವವಿದ್ಯಾಲಯದಿಂದ, ಚಂದ್ರಶೇಖರನ್ ಮಾರ್ಗದರ್ಶನದಲ್ಲಿ.

ಈಗ ಅವರನ್ನು ಪ್ರಸಿದ್ಧರನ್ನಾಗಿ ಮಾಡಿದ ಕೆಲಸಕ್ಕೆ ಬರೋಣ. ಗಣಿತದಲ್ಲಿ ಇನ್ನೂ ಏನು ಉಳಿದಿದೆ ಅಂತ ಕೇಳಿದ್ದಿರಲ್ಲ, ಅದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಸ್ವಲ್ಪ ನಿಧಾನವಾಗಿ ಓದಿ. ಮಗಳಿಗೂ ಓದಲು ಕೊಡಿ, ಅವಳು ಈ ಭಾಗವನ್ನು ಬಿಡುವುದಿಲ್ಲ ಅಂತ ನನ್ನ ಅಂದಾಜು.

ತೂತಿರುವ ಉದ್ದಿನ ವಡೆಯ ಮೇಲ್ಮೈಯನ್ನು ಮಾತ್ರ ಯೋಚಿಸಿ, ಒಳಗಿನ ಹಿಟ್ಟು ಬೇಡ. ಎರಡು ವಡೆ ಪಕ್ಕಪಕ್ಕ ಅಂಟಿಕೊಂಡು ಬೆಂದರೆ ಎರಡು ತೂತಿನ ಮೇಲ್ಮೈ. ಹೀಗೆ ಎಷ್ಟು ತೂತು ಬೇಕಾದರೂ ಇರಬಹುದು. ಇಂಥ ಮೇಲ್ಮೈ ಮೇಲೆ ಕಾಂಪ್ಲೆಕ್ಸ್ ಸಂಖ್ಯೆಗಳ ಕ್ಯಾಲ್ಕುಲಸ್ ಮಾಡುವ ಏರ್ಪಾಡು ಇದ್ದರೆ ಅದು ರೀಮಾನ್ ಸರ್ಫೇಸ್. ಅದರ ಒಂದೊಂದು ಬಿಂದುವಿಗೂ ಒಂದೊಂದು ವೆಕ್ಟರ್ ಸ್ಪೇಸ್, ಅಂದರೆ ಒಂದಕ್ಕೊಂದು ಕೂಡಿಸಬಹುದಾದ, ಹಿಗ್ಗಿಸಬಹುದಾದ ವೆಕ್ಟರ್‌ಗಳ ಒಂದು ಗುಂಪು, ಜೋಡಿಸಿ, ಬಿಂದುವಿನಿಂದ ಬಿಂದುವಿಗೆ ಹೋಗುವಾಗ ಅವೆಲ್ಲ ಒಂದಕ್ಕೊಂದು ನಯವಾಗಿ ಕೂಡಿಕೊಳ್ಳುವಂತೆ ಮಾಡಿದರೆ ವೆಕ್ಟರ್ ಬಂಡಲ್. ಇಂಥ ಬಂಡಲ್‌ಗಳು ಒಟ್ಟು ಯಾವ್ಯಾವ ಬಗೆ? ಪ್ರಶ್ನೆ ಇಷ್ಟೇ. ತೂತೇ ಇಲ್ಲದ ಗೋಳಕ್ಕೆ ಗ್ರೋಥೆಂಡೀಕ್, ಒಂದು ತೂತಿನದಕ್ಕೆ ಅಟಿಯಾ, ಇಬ್ಬರೂ 1957ರಲ್ಲಿ ಉತ್ತರ ಕೊಟ್ಟರು. ಎರಡು ತೂತು ಬಂದ ಕೂಡಲೇ ಕಷ್ಟ ಶುರು.

ಆಂದ್ರೆ ವೇಯ್ ಎಂಬ ಫ್ರೆಂಚ್ ಗಣಿತಜ್ಞ 1938ರಲ್ಲೇ ಒಂದು ಪೇಪರಿನಲ್ಲಿ ಈ ಕಡೆಗೆ ದಾರಿ ತೋರಿಸಿದ್ದರು. ಮೇಲ್ಮೈ ಮೇಲೆ ಒಂದು ಸುತ್ತು ಹೋಗಿ ಹೊರಟಲ್ಲಿಗೇ ವಾಪಸ್ ಬಂದಾಗ ವೆಕ್ಟರ್ ತಿರುಗಿರುತ್ತದೆ. ಆ ತಿರುಗುವಿಕೆಯನ್ನು ಒಂದು ಮ್ಯಾಟ್ರಿಕ್ಸ್ ಆಗಿ ಬರೆಯಬಹುದು. ಉದ್ದ ಬದಲಾಗದೆ ಬರೀ ತಿರುಗುವುದಾದರೆ ಯೂನಿಟರಿ ಮ್ಯಾಟ್ರಿಕ್ಸ್. ಸುತ್ತುಗಳಿಗೆ ಮ್ಯಾಟ್ರಿಕ್ಸ್ ಕೊಟ್ಟರೆ ಸಾಕು, ಒಂದು ಬಂಡಲ್ ಸಿಗುತ್ತದೆ. ಆದರೆ ಹೀಗೆ ಸಿಗುವ ಬಂಡಲ್‌ಗಳು ಯಾವುವು ಅಂತ ನೋಡಿ ಗುರುತಿಸುವುದು ಹೇಗೆ?

ನರಸಿಂಹನ್, ಶೇಷಾದ್ರಿ ಮಾಡಿದ ಎಣಿಕೆಯನ್ನು ಚಿಕ್ಕ ಉದಾಹರಣೆಯಲ್ಲಿ ತೋರಿಸುತ್ತೇನೆ. ತೂತು ಎರಡು, ಮ್ಯಾಟ್ರಿಕ್ಸ್ ಎರಡಕ್ಕೆರಡರದು. ಒಂದೊಂದು ತೂತಿಗೆ ಎರಡು ಮುಖ್ಯ ಸುತ್ತು, ತೂತನ್ನು ಬಳಸಿ ಹೋಗುವುದು ಒಂದು, ತೂತಿನೊಳಗೆ ನುಗ್ಗಿ ಬರುವುದು ಇನ್ನೊಂದು. ಒಟ್ಟು 4 ಸುತ್ತು, 4 ಮ್ಯಾಟ್ರಿಕ್ಸ್. ಎರಡಕ್ಕೆರಡರ ಯೂನಿಟರಿ ಮ್ಯಾಟ್ರಿಕ್ಸ್ ಬರೆಯಲು 4 ಸಾಮಾನ್ಯ ಸಂಖ್ಯೆ ಬೇಕು. ಆದ್ದರಿಂದ 16. ಆದರೆ ಮನಸ್ಸಿಗೆ ಬಂದ ಹಾಗೆ ಆರಿಸುವಂತಿಲ್ಲ. ಮೇಲ್ಮೈಯ ಆಕಾರವೇ ಈ ನಾಲ್ಕರ ನಡುವೆ ಒಂದು ಸಮೀಕರಣ ಹಾಕುತ್ತದೆ. ಅದರಲ್ಲಿ 3 ಕಳೆಯುತ್ತದೆ. 4 ಯಾಕಲ್ಲ ಅಂದರೆ, ಆ ಸಮೀಕರಣದ ಎರಡೂ ಕಡೆ ಡಿಟರ್ಮಿನೆಂಟ್ ತಾನಾಗಿಯೇ 1. ಉಳಿದದ್ದು 13. ಒಂದೇ ಬಂಡಲ್ಲನ್ನು ಬೇರೆ ಬೇರೆ ಬೇಸಿಸ್‌ನಲ್ಲಿ ಬರೆದರೆ ಬೇರೆ ಅಂತ ಎಣಿಸಬಾರದು, ಅದಕ್ಕೆ ಇನ್ನೊಂದು 3 ಹೋಯಿತು. 10 ಉಳಿಯಿತು. ಈಗ ಇನ್ನೊಂದು ಕಡೆಯಿಂದ ಬನ್ನಿ. ಮ್ಯಾಟ್ರಿಕ್ಸನ್ನೆಲ್ಲ ಬಿಟ್ಟು ನೇರವಾಗಿ ಬಂಡಲ್ಲನ್ನೇ ಸ್ವಲ್ಪ ಸ್ವಲ್ಪ ಅಲುಗಾಡಿಸಿ ಎಷ್ಟು ದಿಕ್ಕಿನಲ್ಲಿ ಬದಲಾಗುತ್ತದೆ ಅಂತ ಎಣಿಸಿದರೆ 5 ಕಾಂಪ್ಲೆಕ್ಸ್ ಸಂಖ್ಯೆ. ಒಂದು ಕಾಂಪ್ಲೆಕ್ಸ್ ಅಂದರೆ ಎರಡು ಸಾಮಾನ್ಯ ಸಂಖ್ಯೆ, ಅಲ್ವಾ? 10! ಎರಡು ಬೇರೆ ಲೋಕಗಳ ಲೆಕ್ಕ ಒಂದೇ ಬಂತು. ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು.

ಎಣಿಕೆ ಕೂಡಿತು ಅಂದ ಮಾತ್ರಕ್ಕೆ ಪ್ರಮೇಯ ಆಗುವುದಿಲ್ಲ. ಈ ದಾರಿಯಲ್ಲಿ ಅವರ ಮೊದಲ ಪೇಪರ್ ಬಂದದ್ದು 1964ರಲ್ಲಿ. ಅಷ್ಟರಲ್ಲಿ ಅಮೆರಿಕದ ಮಂಫರ್ಡ್, ಬಂಡಲ್‌ಗಳನ್ನು ವರ್ಗ ಮಾಡಲು ಹೊರಟವರು, ‘ಸ್ಟೇಬಲ್’ ಅನ್ನುವ ಕಲ್ಪನೆಯನ್ನು 1962ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಮುಂದಿಟ್ಟಿದ್ದರು. ಬಂಡಲ್‌ಗೆ ಡಿಗ್ರಿ ಅಂತ ಒಂದು ಸಂಖ್ಯೆ ಇದೆ. ಅದನ್ನು ರ್ಯಾಂಕ್‌ನಿಂದ, ಅಂದರೆ ಒಂದೊಂದು ಬಿಂದುವಿಗೆ ಜೋಡಿಸಿದ ವೆಕ್ಟರ್ ಸ್ಪೇಸ್ ಎಷ್ಟು ಆಯಾಮದ್ದು ಅನ್ನುವ ಸಂಖ್ಯೆಯಿಂದ, ಭಾಗಿಸಿದರೆ ಸ್ಲೋಪ್. ಒಳಗೆ ಅಡಗಿರುವ ಯಾವ ಚಿಕ್ಕ ಬಂಡಲ್‌ನ ಸ್ಲೋಪ್ ಕೂಡ ಇಡೀ ಬಂಡಲ್‌ನ ಸ್ಲೋಪಿಗಿಂತ ಕಡಿಮೆಯೇ ಇದ್ದರೆ ಅದು ಸ್ಟೇಬಲ್. ಇದರಲ್ಲಿ ಮ್ಯಾಟ್ರಿಕ್ಸ್ ಇಲ್ಲ, ಸುತ್ತು ಇಲ್ಲ, ತಿರುಗುವುದು ಇಲ್ಲ, ಪೂರ್ತಿ ಬೀಜಗಣಿತ. ಆದರೂ ಡಿಗ್ರಿ ಸೊನ್ನೆ ಇದ್ದಾಗ, ಒಡೆಯಲಾಗದ ಯೂನಿಟರಿ ಮ್ಯಾಟ್ರಿಕ್ಸ್ ಜೋಡಣೆಯಿಂದ ಬರುವ ಬಂಡಲ್‌ಗಳೂ ಮಂಫರ್ಡ್‌ರ ಸ್ಟೇಬಲ್ ಬಂಡಲ್‌ಗಳೂ ಒಂದೇ ಅಂತ ಇವರಿಬ್ಬರು ಸಾಧಿಸಿದರು. ಬೇರೆ ಡಿಗ್ರಿಗಳಿಗೂ ಸ್ವಲ್ಪ ತಿರುಚಿದರೆ ಇದೇ ಮಾತು ನಿಲ್ಲುತ್ತದೆ. ಸಾಧಿಸಿದ ಬಗೆ ಹೀಗೆ. ಎಣಿಕೆ ಒಂದೇ ಆದ್ದರಿಂದ, ಒಂದು ಯೂನಿಟರಿ ಬಂಡಲ್ ಸಿಕ್ಕಿದರೆ ಅದರ ಅಕ್ಕಪಕ್ಕದ ಸ್ಟೇಬಲ್ ಬಂಡಲ್‌ಗಳೆಲ್ಲ ಯೂನಿಟರಿಯೇ. ಅಂಥವನ್ನು ಹಿಡಿದು ಒಂದು ಸ್ಟೇಬಲ್ ಬಂಡಲ್‌ನ ಹತ್ತಿರ ಹೋಗುತ್ತಾ ಹೋದರೆ ಅದೂ ಯೂನಿಟರಿಯೇ ಆಗಿಬಿಡುತ್ತದೆ. ಸ್ಟೇಬಲ್ ಬಂಡಲ್‌ಗಳ ಇಡೀ ಪ್ರದೇಶ ಒಂದೇ ತುಂಡು. ಅಂದಮೇಲೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. 1965ರಲ್ಲಿ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಬಂತು. ಆಗ ಇಬ್ಬರಿಗೂ 33 ವರ್ಷ. ಇಬ್ಬರೂ ಬೊಂಬಾಯಿಯಲ್ಲೇ ಕೆಲಸದಲ್ಲಿದ್ದರು.

ಇದು ಎಲ್ಲಿಗೆ ಹೋಯಿತು ನೋಡಿ. 1983ರಲ್ಲಿ ಅಟಿಯಾ ಮತ್ತು ಬಾಟ್ ಭೌತಶಾಸ್ತ್ರದ ಯಾಂಗ್–ಮಿಲ್ಸ್ ಸಮೀಕರಣದ ಕಡೆಯಿಂದ ಇದೇ ಬಂಡಲ್‌ಗಳಿಗೆ ಬಂದರು. ಅದೇ ವರ್ಷ ಸೈಮನ್ ಡೊನಾಲ್ಡ್‌ಸನ್ ಎಂಬ ಇಂಗ್ಲಿಷ್ ಯುವಕ ನರಸಿಂಹನ್–ಶೇಷಾದ್ರಿ ಪ್ರಮೇಯಕ್ಕೆ ಪೂರ್ತಿ ಹೊಸ ಸಾಧನೆ (ಪ್ರೂಫ್) ಕೊಟ್ಟರು. ಅಲ್ಲಿಂದ ಹೆಚ್ಚು ಆಯಾಮಗಳಿಗೆ ಅದು ಹಬ್ಬಿತು, ಉಲೆನ್‌ಬೆಕ್ ಮತ್ತು ಯಾವ್ 1986ರಲ್ಲಿ ಸಾಧಿಸಿದರು. 2006ರಲ್ಲಿ ಸೌದಿ ಅರೇಬಿಯಾದ ಕಿಂಗ್ ಫೈಸಲ್ ಪ್ರಶಸ್ತಿಯನ್ನು ನರಸಿಂಹನ್ ಹಂಚಿಕೊಂಡದ್ದು ಇದೇ ಡೊನಾಲ್ಡ್‌ಸನ್ ಜೊತೆ. ಪ್ರಶಸ್ತಿ ಕೊಟ್ಟವರಿಗೆ ವಿಷಯ ಗೊತ್ತಿತ್ತು ಅನ್ನಬೇಕು!

ಮೂವತ್ತರ ನಂತರ ತಲೆ ಓಡುವುದಿಲ್ಲ ಅನ್ನುವ ಮಾತಿಗೆ ಬರುತ್ತೇನೆ. ಅದು ಯಾರು ಹುಟ್ಟಿಸಿದ್ದೋ, ಸುಮ್ನೆ ಜನರನ್ನು ಹೆದರಿಸುತ್ತದೆ. 1969ರಲ್ಲಿ ನರಸಿಂಹನ್ ಮತ್ತು ರಮಣನ್, ನಾನು ಮೇಲೆ ಹೇಳಿದ ಎರಡು ತೂತಿನ ಉದಾಹರಣೆಯನ್ನೇ ತೆಗೆದುಕೊಂಡು, ಡಿಟರ್ಮಿನೆಂಟನ್ನು ಕಟ್ಟಿಹಾಕಿದರೆ ಆ ಬಂಡಲ್‌ಗಳೆಲ್ಲ ಸೇರಿ ಮೂರು ಆಯಾಮದ ಪ್ರೊಜೆಕ್ಟಿವ್ ಸ್ಪೇಸ್ (ಸಾಮಾನ್ಯ ಜಾಗಕ್ಕೆ ಅನಂತ ದೂರದ ಬಿಂದುಗಳನ್ನೂ ಸೇರಿಸಿದ್ದು) ಆಗುತ್ತವೆ ಅಂತ ತೋರಿಸಿದರು. ಅಷ್ಟು ಜಟಿಲ ಅಂದುಕೊಂಡದ್ದು ಕೊನೆಗೆ ಎಲ್ಲರಿಗೂ ಗೊತ್ತಿದ್ದ ಜಾಗವೇ ಆಗಿತ್ತು. 1975ರಲ್ಲಿ, 43ನೇ ವಯಸ್ಸಿಗೆ, ಜರ್ಮನಿಯ ಹಾರ್ಡರ್ ಜೊತೆಗಿನ ಪೇಪರ್. ಯಾವುದೇ ಬಂಡಲ್ಲನ್ನು ಸ್ಲೋಪ್ ಇಳಿಯುವ ಕ್ರಮದಲ್ಲಿ ಪದರ ಪದರವಾಗಿ ಬಿಡಿಸಬಹುದು, ಬಿಡಿಸುವ ದಾರಿ ಒಂದೇ ಒಂದು ಅನ್ನುವುದು ಅದರಲ್ಲಿದೆ. ಹಾರ್ಡರ್–ನರಸಿಂಹನ್ ಫಿಲ್ಟ್ರೇಶನ್ ಅಂತ ಹೆಸರು. ಇವತ್ತು ನಂಬರ್ ಥಿಯರಿಯವರೂ ದಿನಾ ಬಳಸುತ್ತಾರೆ. 1989ರಲ್ಲಿ, 57ರ ಆಸುಪಾಸಿನಲ್ಲಿ, ಡ್ರೆಜೆ ಜೊತೆ ಒಂದು, ಬೋವಿಲ್ ಮತ್ತು ರಮಣನ್ ಜೊತೆ ಇನ್ನೊಂದು. 2017ರಲ್ಲಿ, 85ರ ಹೊತ್ತಿಗೆ, ತಮ್ಮ ಹಳೇ ಬಂಡಲ್‌ಗಳ ಬಗ್ಗೆಯೇ ‘ಡಿರೈವ್ಡ್ ಕ್ಯಾಟಗರಿ’ ಎಂಬ ಹೊಸ ಭಾಷೆಯಲ್ಲಿ ಒಬ್ಬರೇ ಪೇಪರ್ ಬರೆದರು. ಹೌದು, ಎಂಬತ್ತೈದು!

ಹಾಗಂತ ಅವರು ಒಂದೇ ಗದ್ದೆ ಉತ್ತವರಲ್ಲ. ಶುರು ಮಾಡಿದ್ದು ಡಿಫರೆನ್ಷಿಯಲ್ ಈಕ್ವೇಶನ್ ಕಡೆಯಿಂದ. ಜಪಾನಿನ ಕೊಟಾಕೆ ಜೊತೆಗಿನ 1962ರ ಕೆಲಸ ಆ ಕಾಲದ್ದು. ಸಂಗಡ ಕೂರುವವರು ಬದಲಾದ ಹಾಗೆ ವಿಷಯವೂ ಬದಲಾಯಿತು. ರಮಣನ್ ಮೊದಲು ಅವರ ವಿದ್ಯಾರ್ಥಿ, ಆಮೇಲೆ ಜೊತೆಗಾರ. ಎಂ. ಎಸ್. ರಘುನಾಥನ್ ಕೂಡ ಅವರ ವಿದ್ಯಾರ್ಥಿಯೇ. ವಿಜಯ್ ಪಟೋಡಿ ಎಂಬ ಹುಡುಗ ನರಸಿಂಹನ್ ಮತ್ತು ರಮಣನ್ ಬಳಿ ಕಲಿತು, ಅಟಿಯಾ ಮತ್ತು ಸಿಂಗರ್ ಜೊತೆ ಹೆಸರು ಹಂಚಿಕೊಳ್ಳುವ ಮಟ್ಟದ ಕೆಲಸ ಮಾಡಿ, 1976ರಲ್ಲಿ 31ನೇ ವಯಸ್ಸಿಗೇ ಕಾಯಿಲೆಯಿಂದ ಹೋಗಿಬಿಟ್ಟರು. ಬದುಕಿದ್ದರೆ ಇನ್ನೇನು ಮಾಡುತ್ತಿದ್ದರೋ.

ಪದವಿ ಪ್ರಶಸ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1975ರಲ್ಲಿ ಭಟ್ನಾಗರ್, 1990ರಲ್ಲಿ ಪದ್ಮಭೂಷಣ, 1996ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ. 1992ರಲ್ಲಿ ಟಿಐಎಫ್‌ಆರ್ ಬಿಟ್ಟ ಮೇಲೆ ಇಟಲಿಯ ಟ್ರಿಯೆಸ್ಟೆಯಲ್ಲಿ, ಭೌತವಿಜ್ಞಾನಿ ಅಬ್ದುಸ್ ಸಲಾಂ ಕಟ್ಟಿದ ಐಸಿಟಿಪಿ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರದಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದರು. ಬಡ ದೇಶಗಳ ವಿಜ್ಞಾನಿಗಳಿಗೆ ಆಸರೆಯಾಗಲೆಂದೇ ಇರುವ ಸಂಸ್ಥೆ ಅದು. ಆಮೇಲೆ ಬೆಂಗಳೂರು. ಇಲ್ಲಿ ಐಐಎಸ್‌ಸಿ ಮತ್ತು ಟಿಐಎಫ್‌ಆರ್‌ನ ಗಣಿತ ಕೇಂದ್ರದ ಜೊತೆ ಕೊನೆತನಕ ನಂಟು ಇತ್ತು. ಪತ್ನಿ ಶಕುಂತಲಾ ನರಸಿಂಹನ್ ಅವರ ಹೆಸರು ಬೆಂಗಳೂರಿನಲ್ಲಿ ದಿನಪತ್ರಿಕೆ ಓದುವವರಿಗೂ ಸಂಗೀತ ಕೇಳುವವರಿಗೂ ಗೊತ್ತು. ಮಗಳು ಶೋಭನಾ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಭೌತವಿಜ್ಞಾನಿ.

ಇನ್ನು ನಿಮ್ಮ ಮನೆಯ ವಿಷಯ. ನೀವು ಬೆಂಗಳೂರಿನಲ್ಲಿ ಇರುವುದು ದೊಡ್ಡ ಅನುಕೂಲ. ನರಸಿಂಹನ್ ಹಳ್ಳಿಯಿಂದ ಮದರಾಸಿಗೆ, ಅಲ್ಲಿಂದ ಬೊಂಬಾಯಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಜನರನ್ನು ಹುಡುಕಿಕೊಂಡು ಹೋಗಬೇಕಾಯಿತು. ನಿಮ್ಮ ಮಗಳಿಗೆ ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್‌ಟಿಟ್ಯೂಟ್ (ಐಎಸ್‌ಐ) ಇದೆ, ಅಲ್ಲಿ ಬಿ.ಮ್ಯಾಥ್ ಎಂಬ ಗಣಿತದ ಡಿಗ್ರಿ ಇದೆ, ಅದಕ್ಕೆ ಬೇರೆಯೇ ಪ್ರವೇಶ ಪರೀಕ್ಷೆ. ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಇದೆ. ಊರು ಬಿಡಲು ಸಿದ್ಧ ಇದ್ದರೆ ಚೆನ್ನೈ ಹತ್ತಿರದ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್ಸ್‌ಟಿಟ್ಯೂಟ್ (ಸಿಎಂಐ), ಅದನ್ನು ಕಟ್ಟಿದವರು ಇದೇ ಶೇಷಾದ್ರಿ. ಇವು ಯಾವುದೂ ಸಿಗಲಿಲ್ಲ ಅಂದರೂ ಮುಳುಗಿಹೋಗುವುದು ಏನಿಲ್ಲ. ಒಳ್ಳೆ ಮೇಷ್ಟ್ರು ಇರುವ ಕಾಲೇಜಿನಲ್ಲಿ ಬಿಎಸ್‌ಸಿ ಮಾಡಿ, ಎಂಎಸ್‌ಸಿಗೆ ಆಮೇಲೆ ಪ್ರಯತ್ನ ಮಾಡಬಹುದು. ಕಾಲೇಜಿನ ಕಟ್ಟಡ, ಪ್ಲೇಸ್‌ಮೆಂಟ್ ಫಲಕ ನೋಡಬೇಡಿ. ಗಣಿತ ವಿಭಾಗಕ್ಕೆ ಹೋಗಿ, ಕ್ಲಾಸ್ ಮುಗಿದ ಮೇಲೂ ಹುಡುಗರು ಮೇಷ್ಟ್ರ ಜೊತೆ ನಿಂತು ಮಾತಾಡುತ್ತಿದ್ದಾರಾ ನೋಡಿ.

ದುಡ್ಡಿನ ಮಾತನ್ನೂ ಮುಚ್ಚಿಡುವುದಿಲ್ಲ. ಪಿಎಚ್‌ಡಿಗೆ ಸೇರಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. ಅವಳ ಜೊತೆ ಓದಿದವರು ಸಾಫ್ಟ್‌ವೇರಿಗೆ ಹೋಗಿ ಇದಕ್ಕಿಂತ ಎಷ್ಟೋ ಜಾಸ್ತಿ ತರುತ್ತಿರುತ್ತಾರೆ. ಪಿಎಚ್‌ಡಿ ಆದಮೇಲೂ ಕಾಯಂ ಕೆಲಸಕ್ಕೆ ಮೊದಲು ಕೆಲವು ವರ್ಷ ಊರೂರು ಸುತ್ತುವ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸ ಇರುತ್ತದೆ. ಹುದ್ದೆಗಳು ಕಡಿಮೆ. ಇದನ್ನು ಅವಳಿಗೂ ಈಗಲೇ ಹೇಳಿ, ಆದರೆ ಹೆದರಿಸಲು ಹೇಳಬೇಡಿ.

ಐಎಸ್‌ಐ, ಸಿಎಂಐ ಹಳೇ ಪ್ರಶ್ನೆಪತ್ರಿಕೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಪ್ರಿಂಟ್ ತೆಗೆಸಿ ಕೊಡಿ. ಸರಿ ಉತ್ತರಕ್ಕೆ ಟಿಕ್ ಹಾಕುವ ಭಾಗ ಬಿಡಿ, ವಿವರಿಸಿ ಸಾಧಿಸಬೇಕಾದ ಲೆಕ್ಕಗಳನ್ನು ನೋಡಲಿ. ಕೋಚಿಂಗ್ ಕ್ಲಾಸಿನ ವೇಗ ಇಲ್ಲಿ ಬೇಡ. ಕ್ಲಾಸಿನಲ್ಲಿ ಅವಳ ಥರದ ಹುಚ್ಚಿರುವ ಇನ್ನೊಬ್ಬರು ಇದ್ದೇ ಇರುತ್ತಾರೆ, ಅವರನ್ನೂ ಮನೆಗೆ ಕರೆದು ಇಬ್ಬರನ್ನೂ ಕೂರಿಸಿ. ಒಂದೇ ಲೆಕ್ಕಕ್ಕೆ ಶನಿವಾರ ಭಾನುವಾರ ಎರಡೂ ಹೋಗಿ, ಕೊನೆಗೂ ಬಗೆಹರಿಯದೆ, ಸೋಮವಾರ ಮತ್ತೆ ಅದನ್ನೇ ಹಿಡಿದು ಕೂತರೆ ಅರ್ಜಿ ಹಾಕಿಸಿ.